ಅಕ್ಕನ ಕುತ್ತಿಗಿಗೆ ಹಚ್ಚಿದ ಎಣ್ಣಿ

ಮೊನ್ನೆ ನಮ್ಮತ್ತಿ ಬೇವಿನೆಣ್ಣಿ ಬಿಸಿ ಮಾಡ್ಕೊಂಡು ನನ್ನ ಮಗಳ ಕುತ್ತಿಗಿಗೆ ಹಚ್ಚಾಕ ಕುಂತಿದ್ರು. ಆ ಘಾಟು ಮೂಗಿಗೆ ಬಡದಿದ್ದೇ ತಡ, "ಹಚ್ಚಬ್ಯಾಡ್ರೀ!" ಅಂತ ಚೀರಿ ಬಟ್ಟಲ ಕಸಗೊಂಡೆ. ಅತ್ತಿ ಗಾಬರಿ ಆಗಿ ನನ್ನ ಮಾರಿ ನೋಡಿದ್ರು. ನನ್ನ ಕಣ್ಮುಂದ ಬಂದಾಕಿ ಬಾಜೂಮನಿ ಅಕ್ಕ...

ಹುಣಸಗಿ ಕಡಿ, ಕೆನಾಲ ದಂಡಿಗಿರೋ ನಮ್ಮೂರ ಸಾಲ್ಯಾಗ ಆಕಿ ಬಿಸಿಯೂಟದ ಅಡಗಿ ಮಾಡ್ತಿದ್ಲು. ಗಂಡ ಸತ್ತ ಹೆಣ್ಮಗಳು, ಆ ಕೆಲಸ ಬಿಟ್ರ ಬ್ಯಾರೆ ದಿಕ್ಕಿರಲಿಲ್ಲ. ಒಲಿ ಮುಂದ ಬೆವತು ಬೆವತು ಆಕಿ ಮಾರಿ, ಕುತ್ತಿಗಿ ಕೆಂಪಗಾಗಿ ಹೊಟ್ಟು ಏಳ್ತಿತ್ತು. ಕೆರಕೊಂಡು ಕೆರಕೊಂಡು ರಸಿಗಿ ಬರೋದು. "ಅಂಟುಜಡ್ಡಿನಾಕಿ ಕೈಯಾಗ ನಮ್ಮ ಹುಡುಗ್ರು ಉಣಬೇಕೇನು?" ಅಂತ ತಾಯಂದಿರ ಗುಸುಗುಸು ಶುರು ಆತು. ಬ್ಯಾಸಗಿ ಸೂಟಿ ಮುಗಿಯೋದ್ರೊಳಗ ಆರಾಮ ಮಾಡ್ಕೊಂಡು ಬಾ ಅಂದ್ರು ಹೆಡ್ ಮಾಸ್ತರು.

ಸೂಟಿ ಪೂರ್ತಿ ನಾನೇ ಆಕಿಗೆ ಬೇವಿನೆಣ್ಣಿ ಹಚ್ಚಿದೆ. ಮುಂಜಾನಿ ಒಮ್ಮೆ, ಸಂಜಿಗೊಮ್ಮೆ, ತಿಕ್ಕಿ ತಿಕ್ಕಿ. "ನಿನ್ನ ಕೈಗುಣ ಛಲೋ ಐತಿ ತಂಗಿ," ಅನ್ನಾಕಿ, ಪಾಪ. ಹಚ್ಚಿದಷ್ಟೂ ಜಾಸ್ತಿ ಆತು. ಒಳಗಿನ ಜಡ್ಡು ಹೊರಗ ಬೀಳಾಕತ್ತೈತಿ ಅಂದ್ಕೊಂಡು ಇನ್ನಷ್ಟು ಸುರಿದ್ವಿ... ಸುಡ್ಲಿ ನನ್ನ ಶಾಣ್ಯಾತನ!

ಸಾಲಿ ತೆರೀತು. ಆಕಿನ್ನ ತೆಗೀರಿ ಅಂತ ತಾಯಂದಿರು ಅರ್ಜಿ ಬರೆಸಿದ್ರು. ನನ್ನ ಮಗಳು ಆಗ ಒಂದನೇ ಕ್ಲಾಸು. ಅರ್ಜಿ ನಮ್ಮ ಮನಿಗೂ ಬಂತು. ಒಲ್ಲೆ ಅಂದ್ರ ನನ್ನ ಕೂಸನ್ನೂ ದೂರ ಇಡ್ತಾರ ಅಂತ ಹೆದರಿ ನಾನೂ ಸಹಿ ಹಾಕಿದೆ.

ಅಕ್ಕಗ ಓದಾಕ ಬರ್ತಿರಲಿಲ್ಲ. ಅರ್ಜಿ ನಕಲು ಹಿಡ್ಕೊಂಡು ನನ್ನ ಹತ್ರಾನೇ ಬಂದ್ಲು. "ಯಾರ್ಯಾರು ಸಹಿ ಹಾಕ್ಯಾರ, ಓದಿ ಹೇಳು ತಂಗಿ." ಒಂದೊಂದೇ ಹೆಸರು ಓದಿದೆ. ನನ್ನದು ಬಿಟ್ಟೆ. "ನೀ ಒಬ್ಬಾಕಿ ಹಾಕಿಲ್ಲ ನೋಡು," ಅಂತ ನನ್ನ ಕೈ ಹಿಡ್ಕೊಂಡು ಅತ್ಲು... ಕೆಲಸ ಹೋದ ಮ್ಯಾಲ ದುಡಿಯಾಕ ಪುಣೆಕ್ಕ ಹೋದ್ಲು. ಎರಡು ವರ್ಷಕ್ಕ ಅಲ್ಲೇ ಸತ್ತಾಳಂತ ಸುದ್ದಿ ಬಂತು.

ಈಗ ನನ್ನ ಮಗಳಿಗೆ ಹಂಗೇ ಆಗೈತಿ. ಹೋದ ತಿಂಗಳು ಯಾದಗಿರಿಯಾಗ ಚರ್ಮದ ಡಾಕ್ಟರಿಗೆ ತೋರಿಸಿದ್ವಿ. "ಯೀಸ್ಟ್ ಅಂತ, ಬೂಷ್ಟಿನ ಜಾತಿದು, ಎಲ್ಲಾರ ಮೈಮ್ಯಾಲೂ ಇರ್ತೈತ್ರಿ. ಕೆಲವರ ಮೈಗೆ ಅದು ಒಗ್ಗಂಗಿಲ್ಲ, ಅಲರ್ಜಿ ಆಗಿ ಚರ್ಮ ಕೆಂಪಗಾಗಿ ಉರೀತೈತಿ. ಒಬ್ಬರಿಂದ ಒಬ್ಬರಿಗೆ ಹತ್ತೋ ಜಡ್ಡಲ್ಲ. ಜಿಡ್ಡು ತಿಂದು ಬೆಳೀತೈತಿ, ಎಣ್ಣಿ ಮಾತ್ರ ಹಚ್ಚಬ್ಯಾಡ್ರಿ," ಅಂದ್ರು. ಅಕ್ಕಂದೂ ಇದೇ ಇತ್ತೋ ಏನೋ, ನೋಡಾಕಂತೂ ಹಿಂಗೇ ಇತ್ತು. ಈಗ ಹೇಳೋಣಂದ್ರ ಆಕಿ ಎಲ್ಲಿದ್ದಾಳ?

ನಿನ್ನೆ ಸಾಲ್ಯಾಗ ಮಗಳನ್ನ ಊಟದ ಸಾಲಿನಿಂದ ಎಬ್ಬಿಸಿ ಬ್ಯಾರೆ ಕೂಡಿಸ್ಯಾರ. ಯಾವುದೋ ಹುಡುಗಿ ತಾಯಿ ಹೇಳಿ ಕಳಿಸ್ಯಾಳಂತ. ಸೆರಗು ಸಿಗಿಸಿ ಜಗಳಕ್ಕ ಹೊಂಟಾಕಿ ಹೊಸ್ತಿಲದಾಗೇ ನಿಂತೆ. ಯಾವ ಮುಖ ಇಟ್ಕೊಂಡು ಕೇಳಲಿ? ಅಕ್ಕ ಇದ್ದಿದ್ರ ನನಗಿಂತ ಮೊದಲು ಆಕೀನೇ ಓಡಿ ಹೋಗ್ತಿದ್ಲು...