ಕೆರೆ ಸೇರದ ಮೀನುಮರಿಗಳು

ಸಫಿಯಾ, ನಮ್ಮ ಮೀನುಮರಿಗಳು ಕೆರೆ ಸೇರಲೇ ಇಲ್ಲ. ನಾನೇ ಬಿಟ್ಟು ಬಂದೆ ಎಂದು ಏಳನೇ ತರಗತಿಯಲ್ಲಿದ್ದ ನಿಮಗೆಲ್ಲ ಹೇಳಿದ್ದು ಸುಳ್ಳು. ಅವು ಸತ್ತಿದ್ದವು — ನನ್ನ ಕೈಯಿಂದಲೇ.

ಮೂಡುಬಿದಿರೆಯ ನಮ್ಮ ಶಾಲೆಗೆ ಗೆಂಡೆ ಮೀನಿನ ಮೊಟ್ಟೆ ತಂದವಳು ನಾನು, ನಿಮ್ಮ ವಿಜ್ಞಾನ ಟೀಚರ್. ನೀರಗಿಡದ ಎಸಳಿಗೆ ಅಂಟಿಕೊಂಡಿದ್ದ ಆ ಮೊಟ್ಟೆಗಳಲ್ಲಿ ಕಪ್ಪು ಕಣ್ಣು ಮೂಡಿದ್ದನ್ನು ಮೊದಲು ಕಂಡವಳು ನೀನು. ಮರಿಗಳು ಹೊರಬಂದ ದಿನ ಇಡೀ ತರಗತಿ ಗಾಜಿನ ತೊಟ್ಟಿಯನ್ನು ಮುತ್ತಿಕೊಂಡಿತ್ತು. ಸ್ವಲ್ಪ ದೊಡ್ಡವಾಗಲಿ, ನಿಮ್ಮ ಕೈಯಿಂದಲೇ ಕೆರೆಗೆ ಬಿಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಆ ಶನಿವಾರ ತೊಟ್ಟಿಯ ನೀರು ಕದಡಿತ್ತು. ಬಾವಿಯಿಂದ ಸೇದಲು ಉದಾಸೀನ — ನನ್ನ ಬಸ್ಸಿಗೆ ಹೊತ್ತಾಗಿತ್ತು — ನಳ್ಳಿ ನೀರನ್ನೇ ಹೊಯ್ದೆ. ಬಕೆಟ್ಟಿಗೆ ಕೈ ಕೊಟ್ಟವಳು ನೀನು. ಮೀನುಮರಿಗಳಿಗೆ ವಿಷವಾಗುವ ಬ್ಲೀಚಿಂಗ್ ಪೌಡರಿನ ವಾಸನೆ ನನಗೆ ಬಂದಿತ್ತು. ಬಂದರೂ...

ಸೋಮವಾರ ನಿಮಗಿಂತ ಮೊದಲೇ ಬಂದೆ. ಮರಿಗಳೆಲ್ಲ ತಳದಲ್ಲಿ ಬಿದ್ದಿದ್ದವು. ಬಾಚಿ, ಶಾಲೆಯ ಹಿಂದಿನ ತೆಂಗಿನ ಬುಡಕ್ಕೆ ಚೆಲ್ಲಿದೆ.

ಮರಿಗಳನ್ನು ಕೆರೆಗೆ ಬಿಟ್ಟು ಬಂದೆ ಎಂದಾಗ, "ನಮ್ಮನ್ನು ಬಿಟ್ಟು ಹೋದದ್ದು ಯಾಕೆ ಟೀಚರ್?" ಎಂದು ನೀನು ಕೇಳಿದೆ.

"ಇನ್ನೂ ಇಟ್ಟುಕೊಂಡರೆ ಸಾಯ್ತಿದ್ದವು" ಎಂದೆ.

ಆಮೇಲೆ ಎಷ್ಟೋ ಸಂಜೆ ನೀನು ಕೆರೆಯ ಮೆಟ್ಟಿಲಲ್ಲಿ ಕೂತು ಬುತ್ತಿಯಲ್ಲಿ ಉಳಿಸಿದ ಅನ್ನ ಎಸೆಯುತ್ತಿದ್ದೆ. ಮೇಲೆ ಬಂದ ಯಾವುದೋ ಮೀನನ್ನು ತೋರಿಸಿ, "ನಮ್ಮದು ಟೀಚರ್" ಎನ್ನುತ್ತಿದ್ದೆ. ನಾನು ನಕ್ಕು ತಲೆಯಾಡಿಸುತ್ತಿದ್ದೆ. ಮಕ್ಕಳ ಖುಷಿಗಾಗಿ ಎಂದುಕೊಂಡೆ — ಅಲ್ಲ, ನನ್ನ ಮರ್ಯಾದೆಗಾಗಿ.

ಈಗ ನೀನೂ ಟೀಚರ್, ಮುಂಡಾಜೆಯ ಹತ್ತಿರದ ಶಾಲೆಯಲ್ಲಿ. ಮೊನ್ನೆ ನೀನೇ ಫೋನು ಮಾಡಿದೆ.

"ನಾನೂ ಮಕ್ಕಳ ಹತ್ರ ಮೀನು ಮರಿ ಮಾಡಿಸ್ತೇನೆ ಟೀಚರ್. ಮುಂದಿನ ವಾರ ಮೊಟ್ಟೆ ಬರ್ತದೆ. ನೀವು ಹಾಕಿದ್ದು ನಳ್ಳಿ ನೀರು ಅಲ್ವಾ? ನಂಗೆ ಸರೀ ನೆನಪುಂಟು. ಇಲ್ಲಿಯೂ ನಳ್ಳಿ ಉಂಟು, ಸುಲಭ ಆಯ್ತು."

ನನ್ನ ಬಾಯಿಂದ ಹೊರಟದ್ದು "ಹೌದು" ಮಾತ್ರ.

ಅದೊಂದು ಮಾತಿನಿಂದ ಇನ್ನೊಂದು ತರಗತಿಯ ಮಕ್ಕಳು ಸತ್ತ ಮರಿಗಳನ್ನು ನೋಡುವಂತಾಗಬಾರದು. ಅವು ಯಾಕೆ ಸತ್ತವೆಂದು ತಿಳಿಯದೆ ನೀನು ನಿನ್ನನ್ನೇ ಹಳಿದುಕೊಳ್ಳುವುದೂ ಬೇಡ. ಫೋನಿನಲ್ಲಿ ಹೇಳಿ ಜಾರಿಕೊಳ್ಳಲಾರೆ. ನಾಳೆ ಬೆಳಿಗ್ಗೆ ಹೊರಟು, ಉಜಿರೆಯಲ್ಲಿ ಬಸ್ಸು ಬದಲಿಸಿ ಬರುತ್ತೇನೆ. ಅಲ್ಲಿ ನಿನ್ನ ಮುಖ ಕಂಡ ಕೂಡಲೇ ಮಾತು ಬದಲಿಸಿಬಿಟ್ಟೇನು ಎಂಬ ಭಯಕ್ಕೆ ಇದನ್ನೆಲ್ಲ ಮೊದಲೇ ಬರೆದುಕೊಳ್ಳುತ್ತಿದ್ದೇನೆ.

ನಿನಗೆ ಹೇಳಿದ ಮೇಲೆ, ನೀನು ಒಪ್ಪಿದರೆ, ನಿನ್ನ ಮಕ್ಕಳಿಗೂ ಹೇಳುತ್ತೇನೆ. ಅವರು ಏನು ಕೇಳಿದರೂ ಮುಖ ತಿರುಗಿಸದೆ ಉತ್ತರ ಕೊಡುತ್ತೇನೆ.