ನಾಯಿಯ ಪಾಲಾಗುತ್ತಿದ್ದ ಮುದ್ದೆ

ಮಾಡದಕೆರೆಯ ತಂಗಿಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಹತ್ತನೇ ತರಗತಿಯ ಅವಳ ಮಗಳು ಗೌರಿ ತನ್ನ ಮುದ್ದೆಯನ್ನು ಮೆಲ್ಲಗೆ ಬಾಗಿಲಾಚೆ, ಕುರಿ ಕಾಯುವ ನಾಯಿಗೆ ಎಸೆದಳು. ಅವಳ ಅಜ್ಜಿ ನೋಡಿಬಿಟ್ಟರು.

"ಅದಕ್ಕೇ ಈ ನಾಯಿ ಹಿಂಗೆ ಊದೈತೆ! ನೀನ್ಯಾಕವ್ವ ಒಣಗ್ತಿದೀಯ?"

ಗೌರಿಯ ಕಣ್ಣು ತುಂಬಿತು. "ಎಲ್ಲರೂ ನನ್ನ ಗುಂಡವ್ವ ಅಂತೀರಲ್ಲಜ್ಜಿ. ಆ ಹೆಸರು ಹೋಗೋವರ್ಗೂ ನಾನು ಉಣ್ಣಲ್ಲ."

ಕೂಸಾಗಿದ್ದಾಗ ಮುದ್ದಿಗೆ ಕರೆದ ಹೆಸರು ಅದು. ಹಸಿದುಕೊಂಡೇ ಅದನ್ನು ಅಳಿಸಲು ಹೊರಟಿದ್ದಳು ಹುಡುಗಿ.

ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. "ಕೇಳಿದ್ರೇನ್ರೋ? ಇವತ್ತಿಂದ ಅವಳು ಗೌರಿ. ಆ ಹೆಸರು ಯಾರ ಬಾಯಾಗೂ ಬರಬಾರ್ದು."

ಮೊನ್ನೆ ಹೋದಾಗಲೂ ನಾಯಿ ಬಾಗಿಲಲ್ಲೇ ಕಾದು ಕುಳಿತಿತ್ತು. ಗೌರಿ ಅರ್ಧ ಮುದ್ದೆ ಉಂಡು ಕೈ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಅವಳೇ ಸಾರು ಹಾಕಿಸಿಕೊಂಡು ಉಳಿದರ್ಧವನ್ನೂ ಮುರಿದಳು. ನಾಯಿ ಎದ್ದು ಹೋಯಿತು.