ಹಿಕೊಜಿ ಕೊಯ್ದ ಕೆಯಾಕಿ ಮರ

ನಮ್ಮ ಹಿದಾ ಕಣಿವೆಯಲ್ಲಿ ಹಿಕೊಜಿ ಮರ ಸೀಳುವವನು. ಅವನು ನಾರು ನೋಡಿ ಬೆಣೆ ಹೊಡೆದನೆಂದರೆ ದೇವದಾರಿನ ದಿಮ್ಮಿ ತಾನಾಗಿಯೇ ಹಲಗೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ರಾಜಧಾನಿಯ ಕಡೆಯಿಂದ ಯಾಗೊರೊ ಎಂಬವನು ಜೊತೆಗಾರನೊಬ್ಬನೊಡನೆ, ಇಬ್ಬರು ಹಿಡಿದು ಎಳೆಯುವ, ಮರದ ಚೌಕಟ್ಟಿಗೆ ಬಿಗಿದ ಆಳುದ್ದದ ಗರಗಸ ಹೊತ್ತು ಬಂದಾಗ ಹಿಕೊಜಿ ನಕ್ಕುಬಿಟ್ಟ.

"ಮರ ಕೆರೆಯೋಕೆ ಇಬ್ಬರು ಬೇಕಾ? ನಮ್ಮನೆ ಇಲಿ ಒಂದೇ ಮಾಡುತ್ತೆ!"

ಆದರೆ ಗುಡಿಯ ಪಕ್ಕ ಕೆಯಾಕಿ ಮರವೊಂದು ಬಿರುಗಾಳಿಗೆ ಉರುಳಿ ಮೂರು ವರ್ಷವಾಗಿತ್ತು. ಅದರ ನಾರು ಹಗ್ಗದಂತೆ ಹೊಸೆದುಕೊಂಡಿತ್ತು. ಹಿಕೊಜಿಯ ಬೆಣೆಗಳೆಲ್ಲ ಸೋತಿದ್ದವು. ಸೌದೆಗೆ ಕಡಿಯೋಣ ಎಂದು ಊರವರು ಹೇಳಿದ ದಿನ ಅವನು ಊಟ ಬಿಟ್ಟ. ಕೂಸಾಗಿದ್ದಾಗ ತಾಯಿ ಅವನನ್ನು ಮಲಗಿಸುತ್ತಿದ್ದದ್ದು ಆ ಮರದ ನೆರಳಲ್ಲಿ.

ಅವನ ಹೆಂಡತಿ ಇತೊ ಯಾಗೊರೊನ ಬಳಿಗೆ ಹೋದಳು. ಯಾಗೊರೊನ ಜೊತೆಗಾರ ಜ್ವರ ಬಂದು ತನ್ನ ಊರಿಗೆ ಮರಳಿದ್ದ. ಸ್ವತಃ ಯಾಗೊರೊನ ಭುಜ ಉಳುಕಿತ್ತು.

"ಗರಗಸ ಕೊಡ್ತೀನಿ ಅಕ್ಕಾ. ಎಳೆಯೋಕೆ ಜನ?"

"ನಾನಿಲ್ವಾ?" ಎಂದಳು ಇತೊ.

ಮರ ಸೌದೆಯಾಗುವುದಕ್ಕಿಂತ ಇದೇ ಮೇಲೆಂದು ಹಿಕೊಜಿಯೂ ಒಪ್ಪಿದ. ದಿಮ್ಮಿಯನ್ನು ಓರೆಯಾಗಿ ಎತ್ತಿ ನಿಲ್ಲಿಸಿ, ಮಸಿದಾರ ಮಿಡಿದು ಗೆರೆ ಹಾಕಿದರು. ಹಿಕೊಜಿ ಮೇಲೆ ನಿಂತ, ಇತೊ ಕೆಳಗೆ ಕೂತಳು. ಗರಗಸ ಮತ್ತೆ ಮತ್ತೆ ಸಿಕ್ಕಿಕೊಂಡಿತು.

"ನಾನು ಎಳೀವಾಗ ನೀವ್ಯಾಕ್ರೀ ದಬ್ಬೋದು?" ಕೆಳಗಿನಿಂದ ಗದರಿದಳು, ತಲೆತುಂಬ ಮರದ ಹುಡಿ.

"ಸುಮ್ನೆ ಹೇಗೆ ನಿಲ್ಲೋದೇ?"

"ಬಿಟ್ಕೊಡಿ ಅಣ್ಣಾ," ಯಾಗೊರೊ ನಕ್ಕ. "ನಿಮ್ಮ ಸರದಿ ಬರುತ್ತೆ."

ಬಿಟ್ಟುಕೊಡುವುದನ್ನು ಕಲಿಯಲು ಹಿಕೊಜಿಗೆ ನಾಲ್ಕು ದಿನ ಹಿಡಿಯಿತು. ಆಮೇಲೆ ಉಸಿರಿಗೆ ಉಸಿರು ಹೊಂದಿಕೊಂಡಿತು. ಹುಡಿ ಮಂಜಿನಂತೆ ಇಳಿಯುತ್ತಿತ್ತು. ಆ ಸದ್ದಿಗೆ ಗುಡಿಯ ಮೆಟ್ಟಿಲಲ್ಲಿ ಕೂತ ಮುದುಕಿಯರು ತೂಕಡಿಸುತ್ತಿದ್ದರು. ಗರಗಸ ತಾನೇ ಹೋಗಿ ಬರುತ್ತಿದೆ, ತನ್ನ ಕೈಗಳು ಅದರ ಮೇಲೆ ತೇಲುತ್ತಿವೆ ಎಂದು ಹಿಕೊಜಿಗೆ ಅನಿಸುತ್ತಿತ್ತಂತೆ.

ಹನ್ನೊಂದನೆಯ ದಿನ ಮೊದಲ ಹಲಗೆ ಕಳಚಿತು. ಒಳಗೆಲ್ಲ ಸುಳಿ ಸುಳಿ, ನೆರೆ ಬಂದ ಹೊಳೆಯ ಹಾಗೆ. ಹಿಕೊಜಿ ಅದರ ಮೇಲೆ ಅಂಗೈ ಆಡಿಸುತ್ತ, "ಇಷ್ಟು ವರ್ಷ ಇದನ್ನೆಲ್ಲ ಒಳಗೇ ಇಟ್ಕೊಂಡಿತ್ತಲ್ಲೇ," ಎಂದ. ಆ ಹಲಗೆಗಳು ಗುಡಿಯ ಬಾಗಿಲಾದವು.

ಅಲ್ಲಿಂದ ಹದಿನಾಲ್ಕು ವರ್ಷ ಗಂಡಹೆಂಡಿರು ಮೂರು ಕಣಿವೆಗಳ ಸೊಟ್ಟ ಮರಗಳನ್ನೆಲ್ಲ ಕೊಯ್ದರು. ಒಂದು ವಸಂತದ ಮಧ್ಯಾಹ್ನ, ಬಿಸಿಲಿಗೆ ಹಾಕಿದ ಹಸಿ ಹಲಗೆಗಳ ಮೇಲೆ ಹಿಕೊಜಿ ಒರಗಿದವನು ಏಳಲಿಲ್ಲ. ನಿದ್ದೆಯೆಂದುಕೊಂಡ ಇತೊ ಬಹಳ ಹೊತ್ತು ಪಕ್ಕದಲ್ಲಿ ಕೂತು ಅವನ ಮುಖದ ನೊಣ ಓಡಿಸುತ್ತಿದ್ದಳು.